ಘಟ್ಟದ ತಿರುವಿನಲ್ಲಿ ಮಹೀಂದ್ರ ಬಿಇ 6: ಪೆಟ್ರೋಲ್ ಕಾರಿನ ಪ್ರೇಮಿಗಳು ಒಪ್ಪುವರೇ?

ಕಾರನ್ನು ಮನೆಯಿಂದ ಕಚೇರಿಗೆ ಹೋಗಿಬರುವ ಸಾಧನವೆಂದಷ್ಟೇ ನೋಡುವವರಿಗೆ ವಿದ್ಯುತ್ ಕಾರಿನ ಲೆಕ್ಕ ಬಹುಮಟ್ಟಿಗೆ ಬಗೆಹರಿದಿದೆ. ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವ ಅನುಕೂಲವಿದ್ದರೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆಯಲ್ಲಿ ಓಡುವ, ಎಂಜಿನ್ ಆಯಿಲ್ಲಿನ ಗೊಡವೆಯಿಲ್ಲದ, ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಬಿಡುವು ಕೊಡುವ ಗಾಡಿಯನ್ನು ಬೇಡವೆನ್ನಲು ಅವರಿಗೆ ಹೆಚ್ಚಿನ ಕಾರಣಗಳು ಉಳಿದಿಲ್ಲ. ಒಪ್ಪದೆ ಉಳಿದಿರುವವರು ಬೇರೆಯೇ ಒಂದು ವರ್ಗದವರು. ಭಾನುವಾರ ಬೆಳಕು ಹರಿಯುವ ಮುನ್ನವೇ ಎದ್ದು ಖಾಲಿ ರಸ್ತೆಯನ್ನು ಹುಡುಕಿಕೊಂಡು ಹೋಗುವವರು, ಚಿಕ್ಕಮಗಳೂರಿನ ರ‍್ಯಾಲಿ ನೋಡಲು ಕಾಫಿ ತೋಟದ ಬೇಲಿಯ ಪಕ್ಕದಲ್ಲಿ ಗಂಟೆಗಟ್ಟಲೆ ಕೆಂಧೂಳು ಕುಡಿದುಕೊಂಡು ನಿಲ್ಲುವವರು, ಹಳೆಯ ಜಿಪ್ಸಿಯನ್ನೋ ಎಸ್ಟೀಮನ್ನೋ ಮಾರಲು ಮನಸ್ಸು ಬಾರದೆ ಶೆಡ್ಡಿನಲ್ಲಿ ಉಳಿಸಿಕೊಂಡವರು. ಇವರ ಮುಂದೆ ಪರಿಸರದ ಮಾತನ್ನೋ ಪೆಟ್ರೋಲ್ ಉಳಿತಾಯದ ಮಾತನ್ನೋ ಆಡಿದರೆ ತಲೆಯಾಡಿಸುತ್ತಾರೆ, ಆದರೆ ಕೊಳ್ಳುವುದಿಲ್ಲ.

ನಿಂತಲ್ಲಿಂದ ಚಿಮ್ಮುವ ವೇಗವನ್ನು ತೋರಿಸಿದರೂ ಇವರು ಬಹಳ ಕಾಲ ಬೆರಗಾಗುವುದಿಲ್ಲ ಎಂಬುದು ನನ್ನ ಅನುಭವ. ಸೊನ್ನೆಯಿಂದ ನೂರು ಮುಟ್ಟುವ ಆಟ ಮೊದಲ ವಾರ ರೋಮಾಂಚನ ಕೊಟ್ಟು, ಎರಡನೆಯ ತಿಂಗಳ ಹೊತ್ತಿಗೆ ಅಭ್ಯಾಸವಾಗಿಬಿಡುತ್ತದೆ. ಕಾರನ್ನು ಪ್ರೀತಿಸುವವನಿಗೆ ಬೇಕಾಗಿರುವುದು ತನ್ನ ಕೈಕಾಲಿನ ಸಣ್ಣ ಸೂಚನೆಗೂ ಗಾಡಿ ತಕ್ಕ ಉತ್ತರ ಕೊಡಬೇಕು, ಆ ಉತ್ತರವನ್ನು ತಾನು ಕಲಿತು ದಿನದಿನಕ್ಕೆ ಹೆಚ್ಚು ಚೆನ್ನಾಗಿ ಓಡಿಸುವಂತಾಗಬೇಕು ಎಂಬುದು. ವಿದ್ಯುತ್ ಕಾರು ಇವರನ್ನು ಒಲಿಸಿಕೊಳ್ಳುವುದಾದರೆ ತಿರುವಿನಲ್ಲಿ ಒಲಿಸಿಕೊಳ್ಳಬೇಕು. ಮಹೀಂದ್ರ ಬಿಇ 6 ಎಂಬ ವಿದ್ಯುತ್ ಕಾರನ್ನು ಬೆಂಗಳೂರಿನಲ್ಲೂ ಮಲೆನಾಡಿನ ಘಟ್ಟಗಳಲ್ಲೂ ಓಡಿಸುವಾಗ ನಾನು ಮುಖ್ಯವಾಗಿ ಗಮನಿಸಿದ್ದು ಇದೊಂದು ಅಂಶವನ್ನು.

ಮೊದಲು ಕಾರಿನ ಪರಿಚಯ. 2024ರ ನವೆಂಬರ್ 26ರಂದು ಬಿಇ 6ಇ ಎಂಬ ಹೆಸರಿನಲ್ಲಿ ಬಿಡುಗಡೆಯಾದ ಈ ಕಾರು, ಇಂಡಿಗೋ ವಿಮಾನ ಸಂಸ್ಥೆಯು ಹೆಸರಿನ ಬಗ್ಗೆ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಬಿಇ 6 ಆಯಿತು. ಪೆಟ್ರೋಲ್ ಕಾರಿನ ಚೌಕಟ್ಟಿಗೆ ಬ್ಯಾಟರಿ ತುಂಬಿ ಮಾಡಿದ್ದಲ್ಲ. ಇಂಗ್ಲೋ ಎಂದು ಕರೆಯಲಾಗುವ, ವಿದ್ಯುತ್ ಕಾರಿಗೆಂದೇ ರೂಪಿಸಿದ ತಳಹದಿಯ ಮೇಲೆ ಕಟ್ಟಿದ್ದು. 59 ಮತ್ತು 79 ಕಿಲೋವ್ಯಾಟ್ ಅವರ್, ಅಂದರೆ ಅಷ್ಟೇ ಯೂನಿಟ್, ಸಾಮರ್ಥ್ಯದ ಎರಡು ಬ್ಯಾಟರಿಗಳಿವೆ. ಎರಡೂ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬಗೆಯವು. ನಾನು ಓಡಿಸಿದ ದೊಡ್ಡ ಬ್ಯಾಟರಿಯ, ಮೇಲಿನ ದರ್ಜೆಯ ಪ್ಯಾಕ್ ಥ್ರೀ ಮಾದರಿಯಲ್ಲಿ ಮೋಟಾರಿನ ಶಕ್ತಿ 210 ಕಿಲೋವ್ಯಾಟ್, ನಮಗೆ ಪರಿಚಿತವಾದ ಅಳತೆಯಲ್ಲಿ 286 ಅಶ್ವಶಕ್ತಿ. ಟಾರ್ಕ್, ಅಂದರೆ ತಿರುಗಿಸುವ ಬಲ, 380 ನ್ಯೂಟನ್ ಮೀಟರ್. ಕಂಪನಿ ಹೇಳುವಂತೆ ನೂರು ಕಿ.ಮೀ. ವೇಗ ಮುಟ್ಟಲು 6.7 ಸೆಕೆಂಡು ಸಾಕು. ಉತ್ಸಾಹಿಗಳ ದೃಷ್ಟಿಯಿಂದ ಈ ಅಂಕಿಗಳಿಗಿಂತ ಮುಖ್ಯವಾದ ಸಂಗತಿ ಬೇರೊಂದಿದೆ: ಮೋಟಾರು ಹಿಂದೆ ಇದೆ, ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು. ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾಗಳ ಕಾಲದ ನಂತರ ನಮ್ಮ ಸಾಮಾನ್ಯ ಕಾರುಗಳಿಂದ ಬಹುತೇಕ ಮಾಯವಾಗಿದ್ದ ಈ ವ್ಯವಸ್ಥೆ, ಮೂವತ್ತು ಲಕ್ಷದೊಳಗಿನ ಕಾರಿಗೆ ಮರಳಿ ಬಂದಿರುವುದು ವಿದ್ಯುತ್ತಿನ ದೆಸೆಯಿಂದ.

ಈ ಕಾರಿನ ಹಿಂದೆ ಬೆಂಗಳೂರಿನ ಒಂದು ಎಳೆಯೂ ಇದೆ ಎಂಬುದನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಚೇತನ್ ಮೈನಿ ಅವರು ಇಲ್ಲಿ ರೂಪಿಸಿ 2001ರಲ್ಲಿ ರಸ್ತೆಗಿಳಿಸಿದ ವಿದ್ಯುತ್ ಕಾರು ರೇವಾ, ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರ ಆ ಕಂಪನಿಯ ಬಹುಪಾಲನ್ನು ಕೊಂಡುಕೊಂಡಿತು. ರೇವಾದ ಧೈರ್ಯ ದೊಡ್ಡದು. ಆದರೆ ಗಂಟೆಗೆ 80 ಕಿ.ಮೀ. ದಾಟದ ಆ ಪುಟ್ಟ ಗಾಡಿ ವಿದ್ಯುತ್ ಕಾರೆಂದರೆ ಆಟಿಕೆ ಎಂಬ ಭಾವನೆಯನ್ನು ನಮ್ಮ ಊರಿನ ಕಾರು ಪ್ರಿಯರಲ್ಲಿ ಬಹುಕಾಲ ಉಳಿಸಿತು. ಅದೇ ಮಹೀಂದ್ರ 2014ರಲ್ಲಿ ಆರಂಭವಾದ, ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸಿನಲ್ಲಿ ಮೊದಲ ಋತುವಿನಿಂದಲೂ ಪಾಲ್ಗೊಂಡಿದೆ. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಆ ರೇಸು ನಡೆದಾಗ ಕರ್ನಾಟಕದಿಂದಲೂ ಉತ್ಸಾಹಿಗಳು ಹೋಗಿದ್ದರು. ಎಂಜಿನ್ ಸದ್ದಿಲ್ಲದ ರೇಸು ರೇಸೇ ಅಲ್ಲ ಎಂಬ ವಾದ ಅಲ್ಲಿಗೆ ಮುಗಿಯಲಿಲ್ಲವಾದರೂ, ಅದು ಅಷ್ಟು ನಿಶ್ಚಿತವಾದ ವಾದವಾಗಿಯೂ ಉಳಿಯಲಿಲ್ಲ.

ಊರೊಳಗಿನ ಓಡಾಟವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಸಾಲಿನಲ್ಲಿ ನಿಂತಾಗ ಅತ್ಯುತ್ತಮ ಪೆಟ್ರೋಲ್ ಎಂಜಿನ್ ಕೂಡ ಯಾವ ಸುಖವನ್ನೂ ಕೊಡುವುದಿಲ್ಲ. ಬಿಇ 6 ಮೌನವಾಗಿ, ತಣ್ಣಗೆ, ನಡುಕವಿಲ್ಲದೆ ನಿಲ್ಲುತ್ತದೆ, ಕೇಳಿದಾಗ ಹೊರಡುತ್ತದೆ. ಹತ್ತು ಮೀಟರಿನ ತಿರುಗುವ ವ್ಯಾಸ ಇಷ್ಟು ಅಗಲದ ಗಾಡಿಗೆ ಆಶ್ಚರ್ಯವೆನಿಸುವಷ್ಟು ಕಡಿಮೆ. ಮುಂದೆ ಎಂಜಿನ್ ಇಲ್ಲದ್ದರಿಂದ ಮುಂದಿನ ಚಕ್ರಗಳಿಗೆ ಹೆಚ್ಚು ಕೋನಕ್ಕೆ ತಿರುಗಲು ಅವಕಾಶ ಸಿಕ್ಕಿರುವುದು ಇದಕ್ಕೆ ಕಾರಣ. 207 ಮಿಲಿಮೀಟರ್ ನೆಲದಂತರ ನಮ್ಮ ಬಡಾವಣೆಗಳ ಲೆಕ್ಕವಿಲ್ಲದ ಹಂಪ್‌ಗಳಿಗೆ ಸಾಲುತ್ತದೆ. ಕಡಿಮೆ ವೇಗದಲ್ಲಿ ಗುಂಡಿಗಳ ಅಂಚು ಸ್ವಲ್ಪ ಗಡುಸಾಗಿಯೇ ಬೆನ್ನಿಗೆ ತಿಳಿಯುತ್ತದೆ.

ನಿಜವಾದ ಪರೀಕ್ಷೆ ಘಟ್ಟದಲ್ಲಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ರಸ್ತೆಯನ್ನು ಇದಕ್ಕೆ ಆರಿಸಿಕೊಂಡೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಕಿರಿದಾದ ರಸ್ತೆಯಲ್ಲಿ ವೇಗಕ್ಕೆ ಅವಕಾಶವಿಲ್ಲ, ವೇಗ ಮಾಡಲೂಬಾರದು. ಎದುರಿನಿಂದ ಬಸ್ಸು ಬಂದರೆ ಯಾರಾದರೊಬ್ಬರು ಕಾಯಲೇಬೇಕು. ಅದಕ್ಕೇ ಅದು ಒಳ್ಳೆಯ ಪರೀಕ್ಷಾಸ್ಥಳ: ಗಂಟೆಗೆ ಇಪ್ಪತ್ತು, ಮೂವತ್ತು ಕಿ.ಮೀ. ವೇಗದಲ್ಲೇ ಗಾಡಿಯ ಸ್ವಭಾವವೆಲ್ಲ ಬಯಲಾಗುತ್ತದೆ. ಟರ್ಬೋ ಪೆಟ್ರೋಲ್ ಕಾರಿನಲ್ಲಿ ಇಂತಹ ತಿರುವನ್ನು ಹತ್ತುವಾಗ ಎರಡನೇ ಗೇರಿನಲ್ಲಿದ್ದರೆ ಎಂಜಿನ್ ಉಸಿರುಗಟ್ಟುತ್ತದೆ, ಮೊದಲನೆಯದಕ್ಕೆ ಇಳಿಸಿದರೆ ಎಳೆದಾಡುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ ಎಚ್ಚರಗೊಳ್ಳುವವರೆಗಿನ ಅರೆಕ್ಷಣದಲ್ಲಿ ಕಾಲು ಒತ್ತಿದ್ದಕ್ಕೂ ಗಾಡಿ ಹೊರಟಿದ್ದಕ್ಕೂ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಬಿಇ 6ರಲ್ಲಿ ಆ ಖಾಲಿ ಜಾಗವೇ ಇಲ್ಲ. ತಿರುವಿನ ತುದಿಯಲ್ಲಿ ಸ್ಟಿಯರಿಂಗ್ ನೇರವಾಗುತ್ತಾ ಬಂದಂತೆ ಬಲಗಾಲನ್ನು ಕೂದಲೆಳೆಯಷ್ಟು ಒತ್ತಿದರೆ ಅಷ್ಟೇ ಪ್ರಮಾಣದ ಎಳೆತ ಹಿಂದಿನ ಚಕ್ರಗಳಿಗೆ ಬರುತ್ತದೆ. ಇನ್ನಷ್ಟು ಒತ್ತಿದರೆ ಇನ್ನಷ್ಟು. ಮುಂದಿನ ಚಕ್ರಗಳಿಗೆ ತಿರುಗಿಸುವ ಕೆಲಸವೊಂದೇ ಇರುವುದರಿಂದ ಸ್ಟಿಯರಿಂಗಿನಲ್ಲಿ ಎಳೆದಾಟವಿಲ್ಲ. ಒದ್ದೆ ಎಲೆಗಳು ಬಿದ್ದಿದ್ದ ಒಂದು ತಿರುವಿನಲ್ಲಿ ಹಿಂಬದಿ ಒಂದು ಗೇಣು ಜಾರುವ ಸೂಚನೆ ಕೊಟ್ಟ ಕ್ಷಣದಲ್ಲೇ ಎಲೆಕ್ಟ್ರಾನಿಕ್ ನಿಯಂತ್ರಣ ಎಳೆತವನ್ನು ತಗ್ಗಿಸಿತು. ಎಂಜಿನ್ ಕಾರಿನಲ್ಲಿ ಇದೇ ಕೆಲಸ ಒರಟಾಗಿ, ತಡವಾಗಿ ನಡೆಯುವುದನ್ನು ಬಲ್ಲವರಿಗೆ ಈ ನಯ ಕೂಡಲೇ ಅರಿವಿಗೆ ಬರುತ್ತದೆ. ಮೋಟಾರಿನ ಟಾರ್ಕನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಇದು ಸಾಧ್ಯವಾಗಿದೆ.

ಇಳಿಯುವಾಗಿನ ಅನುಭವ ಇನ್ನೂ ಸ್ವಾರಸ್ಯಕರ. ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ನಮ್ಮಲ್ಲಿ ಲಾರಿ ಚಾಲಕರಿಂದ ಹಿಡಿದು ಎಲ್ಲರೂ ಹೇಳಿಕೊಡುವ ಪಾಠ. ಬ್ರೇಕ್ ಕಾದು ಹೋಗದಂತೆ ಎಂಜಿನ್ನಿನ ಹಿಡಿತದಲ್ಲಿ ಗಾಡಿಯನ್ನು ಇಳಿಸುವುದು ಅದರ ತಾತ್ಪರ್ಯ. ಗೇರೇ ಇಲ್ಲದ ಗಾಡಿಯಲ್ಲಿ ಆ ಕೆಲಸವನ್ನು ರೀಜನರೇಟಿವ್ ಬ್ರೇಕಿಂಗ್ ವಹಿಸಿಕೊಳ್ಳುತ್ತದೆ. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದಾಗ ಮೋಟಾರು ಜನರೇಟರಾಗಿ ತಿರುಗಿ ವೇಗವನ್ನು ತಡೆಯುತ್ತದೆ, ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಈ ತಡೆಯ ಪ್ರಮಾಣವನ್ನು ಬದಲಿಸಬಹುದು. ಬೇಕಿದ್ದರೆ ಒಂದೇ ಪೆಡಲಿನಲ್ಲಿ ಗಾಡಿ ಪೂರ್ತಿ ನಿಲ್ಲುವಂತೆಯೂ ಮಾಡಿಕೊಳ್ಳಬಹುದು. ಈ ವ್ಯವಸ್ಥೆಯಲ್ಲಿ ತಿರುವಿನ ಮುನ್ನ ಕಾಲನ್ನು ಎಷ್ಟು, ಯಾವಾಗ ಸಡಿಲಿಸಬೇಕೆಂಬುದೇ ಒಂದು ಕೌಶಲ. ಮೊದಮೊದಲು ಗಾಡಿ ಬೇಗ ನಿಂತುಬಿಡುತ್ತದೆ; ಪಕ್ಕದಲ್ಲಿ ಕೂತವರು ಮುಂದಕ್ಕೆ ವಾಲುತ್ತಾರೆ. ಕಾಲು ಪಳಗಿದ ಮೇಲೆ ಬ್ರೇಕ್ ಪೆಡಲನ್ನು ಮುಟ್ಟದೆಯೇ ಒಂದರ ಹಿಂದೊಂದು ತಿರುವನ್ನು ಒಂದೇ ಲಯದಲ್ಲಿ ದಾಟಿಸುವುದು ಸಾಧ್ಯವಾಗುತ್ತದೆ, ಅದರಲ್ಲಿ ಸಿಗುವ ತೃಪ್ತಿ, ಒಂದೇ ಪಾದದಿಂದ ಬ್ರೇಕನ್ನೂ ಆಕ್ಸಿಲರೇಟರನ್ನೂ ಒತ್ತುವ ಹೀಲ್ ಆ್ಯಂಡ್ ಟೋ ಕಲಿತ ದಿನದ ತೃಪ್ತಿಗೆ ಹತ್ತಿರದ್ದು. ಕ್ಲಚ್ಚು, ಗೇರು ಹೋದರೆ ಚಾಲಕನಿಗೆ ಮಾಡಲು ಏನೂ ಉಳಿಯುವುದಿಲ್ಲವೆಂದು ನಂಬಿರುವ ಗೆಳೆಯರಿಗೆ ನಾನು ಮೊದಲು ತೋರಿಸಬಯಸುವುದು ಇದನ್ನು.

ಇದರ ಹಿಂದಿನ ಲೆಕ್ಕವೂ ಸರಳ. ಪ್ರಯಾಣಿಕರೂ ಸೇರಿ 2,200 ಕೆ.ಜಿ. ತೂಗುವ ಗಾಡಿಯನ್ನು 500 ಮೀಟರ್ ಎತ್ತರಕ್ಕೆ ಏರಿಸಲು, ಉರುಳುವಿಕೆಯ ಮತ್ತು ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 3 ಯೂನಿಟ್ ವಿದ್ಯುತ್ ಬೇಕು. ಇಳಿಯುವಾಗ ಅದರ ಗಣನೀಯ ಭಾಗ ಮರಳಿ ಬರುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದೆಲ್ಲ ಎಂಜಿನ್ನಿನಲ್ಲೂ ಬ್ರೇಕ್ ಡಿಸ್ಕಿನಲ್ಲೂ ಬಿಸಿಯಾಗಿ ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಘಟ್ಟದ ಮೇಲಿನ ಹೋಮ್‌ಸ್ಟೇಯಲ್ಲಿ ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ನೇರವಾಗಿ ಇಳಿಯಲು ಹೊರಟರೆ ಮರಳಿ ಬರುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ, ಆದ್ದರಿಂದ ಯಾವ ವಿದ್ಯುತ್ ಕಾರಿನಲ್ಲೇ ಆಗಲಿ ಆ ಹಿಡಿತ ಕಡಿಮೆಯಾಗಿ ಸಾಮಾನ್ಯ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಘಟ್ಟ ಇಳಿಯುವ ಮುನ್ನ ಎಂಬತ್ತೈದು, ತೊಂಬತ್ತಕ್ಕೆ ಚಾರ್ಜಿಂಗ್ ನಿಲ್ಲಿಸುವುದು ಒಳ್ಳೆಯದು.

ಆದರೆ ತೂಕವನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟರೂ ಅದು ಅಲ್ಲೇ ಇರುತ್ತದೆ. ಎರಡು ಟನ್ನಿನ ಆಸುಪಾಸಿನ ಗಾಡಿಯ ಬಹುಪಾಲು ಭಾರ ನೆಲಕ್ಕೆ ಹತ್ತಿರವಿರುವುದರಿಂದ ಬಿಇ 6 ಎತ್ತರದ ಕಾರುಗಳ ಹಾಗೆ ಹೊರಳುವುದಿಲ್ಲ. ಪ್ಯಾಕ್ ಥ್ರೀಯಲ್ಲಿ ಬರುವ, ರಸ್ತೆಗೆ ತಕ್ಕಂತೆ ಗಡುಸನ್ನು ತಾನೇ ಹೊಂದಿಸಿಕೊಳ್ಳುವ ಸೆಮಿ ಆ್ಯಕ್ಟಿವ್ ಡ್ಯಾಂಪರ್‌ಗಳು (ಶಾಕ್ ಅಬ್ಸಾರ್ಬರ್‌ಗಳು) ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತವೆ. ಒಂದು ದೀರ್ಘವಾದ ತಿರುವಿನಲ್ಲಿ ಇದು ನಂಬಿಕೆ ಹುಟ್ಟಿಸುತ್ತದೆ. ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗಬೇಕಾದಲ್ಲಿ ಮಾತ್ರ ಭಾರ ಒಂದು ಬದಿಯಿಂದ ಇನ್ನೊಂದಕ್ಕೆ ಸಾಗಲು ಒಂದು ಗಳಿಗೆ ತೆಗೆದುಕೊಳ್ಳುತ್ತದೆ, ಚಾಲಕ ಅದನ್ನು ಕಾಯಬೇಕಾಗುತ್ತದೆ. 1,300 ಕೆ.ಜಿ.ಗೂ ಕಡಿಮೆ ತೂಗುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯನ್ನು ಅದೇ ರಸ್ತೆಯಲ್ಲಿ ಓಡಿಸಿದವರಿಗೆ ಈ ವ್ಯತ್ಯಾಸ ಮೊದಲ ಕಿಲೋಮೀಟರಿನಲ್ಲೇ ತಿಳಿಯುತ್ತದೆ. 150 ಅಶ್ವಶಕ್ತಿಯ ಆ ಸೆಡಾನ್ ಶಕ್ತಿಯಲ್ಲಿ ಬಿಇ 6ರ ಅರ್ಧದಷ್ಟು. ಆದರೂ ಅದರ ಮುಂಭಾಗ ತಿರುವಿಗೆ ಹೋಗುವ ಚುರುಕು ಬೇರೆಯೇ. ಸ್ಟಿಯರಿಂಗಿನ ಬಗ್ಗೆಯೂ ನನಗೆ ಇದೇ ಕೊರಗು. ಬಿಇ 6ರ ಸ್ಟಿಯರಿಂಗ್ ನಿಖರವಾಗಿದೆ, ತಿರುಗಿಸಿದಷ್ಟು ಹೋಗುತ್ತದೆ. ಆದರೆ ಚಕ್ರದ ಕೆಳಗಿನ ರಸ್ತೆ ಜಲ್ಲಿಯೋ ಒದ್ದೆಯೋ ಎಂಬ ಸುದ್ದಿಯನ್ನು ಅಂಗೈಗೆ ತಂದು ಮುಟ್ಟಿಸುವುದಿಲ್ಲ. ಇದು ಇಂದಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೂ ಹೇಳಬಹುದಾದ ಮಾತು, ನಿಜ. ಆದರೂ ಉತ್ಸಾಹಿಯನ್ನು ಒಲಿಸಬೇಕೆಂದಿರುವ ಕಾರಿನಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ತಪ್ಪಲ್ಲ.

ಬ್ರೇಕ್ ಪೆಡಲಿನ ಸಂಗತಿ ಇಂತಹದ್ದೇ. ಇಲ್ಲಿರುವುದು ಬ್ರೇಕ್ ಬೈ ವೈರ್, ಅಂದರೆ ಪೆಡಲ್ ಒತ್ತಿದಾಗ ಎಷ್ಟು ಕೆಲಸ ಮೋಟಾರಿನದು, ಎಷ್ಟು ಡಿಸ್ಕಿನದು ಎಂಬುದನ್ನು ಕಂಪ್ಯೂಟರು ಹಂಚುತ್ತದೆ. ನಿಲ್ಲುವ ಶಕ್ತಿಯ ಬಗ್ಗೆ ಯಾವ ದೂರೂ ಇಲ್ಲ. ಆದರೆ ಪಾದದಡಿಯಲ್ಲಿ ಹಂತಹಂತವಾಗಿ ಗಟ್ಟಿಯಾಗುತ್ತಾ ಹೋಗುವ ಒಳ್ಳೆಯ ಹೈಡ್ರಾಲಿಕ್ ಬ್ರೇಕಿನ ಅನುಭವ ಇದಕ್ಕೆ ಇನ್ನೂ ಪೂರ್ತಿ ದಕ್ಕಿಲ್ಲ. ಹೀಗಾಗಿ ನಾನು ಸಾಧ್ಯವಾದಷ್ಟು ರೀಜೆನ್‌ನಲ್ಲೇ (ರೀಜನರೇಟಿವ್ ಬ್ರೇಕಿಂಗ್‌ನಲ್ಲೇ) ಓಡಿಸುವುದನ್ನು ಇಷ್ಟಪಟ್ಟೆ.

ಇನ್ನು ಸದ್ದು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿದ್ದ ಕಾಲದಲ್ಲಿ ಬೆಳೆದವರಿಗೆ ಬೀದಿಯ ಕೊನೆಯಲ್ಲಿ ಬರುತ್ತಿರುವ ಯೆಜ್ಡಿ ಯಾರದ್ದೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಸದ್ದಿನ ಮೇಲಿನ ಈ ಮಮತೆಯನ್ನು ಬಾಲಿಶವೆಂದು ತಳ್ಳಿಹಾಕುವ ವಿದ್ಯುತ್ ಕಾರು ಪ್ರಚಾರಕರು ಒಂದು ಮುಖ್ಯ ಸಂಗತಿಯನ್ನು ಮರೆಯುತ್ತಾರೆ. ಓಡಿಸುವವನಿಗೆ ಸದ್ದು ಸಂಗೀತವಾಗಿರುವುದರ ಜೊತೆಗೆ ಮಾಹಿತಿಯೂ ಹೌದು: ಎಂಜಿನ್ ಯಾವ ಹಂತದಲ್ಲಿದೆ, ಇನ್ನೆಷ್ಟು ಉಳಿದಿದೆ, ತಿರುವಿಗೆ ಯಾವ ವೇಗದಲ್ಲಿ ಬರುತ್ತಿದ್ದೇನೆ ಎಂಬುದನ್ನು ಮೀಟರ್ ನೋಡದೆ ಕಿವಿಯಿಂದಲೇ ತಿಳಿಯುವುದು ಚಾಲನೆಯ ಅರ್ಧ ಭಾಗ. ಬಿಇ 6ರಲ್ಲಿ ಎ.ಆರ್. ರೆಹಮಾನ್ ಅವರ ಸಹಯೋಗದಲ್ಲಿ ರೂಪಿಸಿದ ಧ್ವನಿಗಳಿವೆ, ಹದಿನಾರು ಸ್ಪೀಕರುಗಳ ಹರ್ಮನ್ ಕಾರ್ಡನ್ ವ್ಯವಸ್ಥೆಯಿದೆ, ಕೇಳಲು ಸೊಗಸಾಗಿವೆ. ಆದರೆ ನನ್ನ ಕಿವಿಗೆ ಅವು ಚಾಲನೆಯ ಹಿನ್ನೆಲೆಯಾಗಿ ಉಳಿದವೇ ಹೊರತು ಚಾಲನೆಗೆ ಬೇಕಾದ ಸುದ್ದಿಯನ್ನು ಕೊಡುವ ಸಾಧನವಾಗಲಿಲ್ಲ.

ಈ ಕೊರತೆಯನ್ನು ತುಂಬಬಹುದೆಂದು ತೋರಿಸಿರುವುದು ಹುಂಡೈನ ಐಯಾನಿಕ್ 5 ಎನ್. 2023ರಲ್ಲಿ ಹೊರಬಂದು 2024ರ ವರ್ಲ್ಡ್ ಪರ್ಫಾರ್ಮೆನ್ಸ್ ಕಾರ್ ಪ್ರಶಸ್ತಿ ಪಡೆದ ಈ ಕಾರಿನಲ್ಲಿ ಗೇರ್‌ಬಾಕ್ಸ್ ಇಲ್ಲದಿದ್ದರೂ ಎಂಟು ಗೇರುಗಳ ಅನುಭವವನ್ನು ಹುಟ್ಟಿಸುವ ವ್ಯವಸ್ಥೆಯಿದೆ. ಸ್ಟಿಯರಿಂಗಿನ ಹಿಂದಿರುವ ಪ್ಯಾಡಲ್ ಎಳೆದಾಗ ಮೋಟಾರಿನ ಟಾರ್ಕ್ ಒಂದು ಕ್ಷಣ ತಗ್ಗಿ ಗೇರ್ ಬದಲಾದ ಹಾಗೆ ಸಣ್ಣ ಕುಲುಕು ಬರುತ್ತದೆ. ಸದ್ದೂ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಗೇರ್ ಬದಲಿಸದೆ ಒತ್ತುತ್ತಲೇ ಹೋದರೆ ಎಂಜಿನ್ ಕಾರಿನಂತೆ ಮಿತಿ ಬಂದು ಎಳೆತ ನಿಲ್ಲುತ್ತದೆ. ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಶಕ್ತಿ ಹೋಗಬೇಕೆಂಬುದನ್ನೂ ಚಾಲಕನೇ ನಿರ್ಧರಿಸಬಹುದು. ಇದೆಲ್ಲ ನಟನೆಯಲ್ಲವೇ ಎಂದು ಕೇಳುವವರಿದ್ದಾರೆ. ಇದು ಚಾಲಕನಿಗೆ ಕೆಲಸ ಕೊಡುತ್ತದೆ, ತಪ್ಪು ಮಾಡಲು ಅವಕಾಶ ಕೊಡುತ್ತದೆ, ತಿದ್ದಿಕೊಳ್ಳಲು ಸೂಚನೆ ಕೊಡುತ್ತದೆ. ಅಷ್ಟಿದ್ದರೆ ಅದರ ಮೂಲ ಪಿಸ್ಟನ್ನೋ ಸ್ಪೀಕರೋ ಎಂಬುದು ನನಗೆ ಎರಡನೆಯ ಮಾತು. ಇದು ಬೇಡವೆಂದರೆ ಆಫ್ ಮಾಡುವ ಸ್ವಿಚ್ಚನ್ನೂ ಕಂಪನಿ ಇಟ್ಟಿದೆ ಎಂಬುದು ಇನ್ನೂ ಒಳ್ಳೆಯದು. ಬಿಇ 6ರಲ್ಲಿ ಮೋಟಾರು, ಪ್ಯಾಡಲ್, ಸ್ಪೀಕರು ಎಲ್ಲವೂ ಇರುವಾಗ ಮಹೀಂದ್ರ ಇಂತಹ ಪ್ರಯತ್ನವನ್ನು ಏಕೆ ಮಾಡಬಾರದು? ನೂರು ಕಿ.ಮೀ. ಮುಟ್ಟುವ ಸಮಯದಲ್ಲಿ ಅರ್ಧ ಸೆಕೆಂಡು ಕಡಿಮೆ ಮಾಡುವುದಕ್ಕಿಂತ ಇದು ಹೆಚ್ಚು ಮನಸ್ಸುಗಳನ್ನು ಗೆಲ್ಲುತ್ತದೆ.

ಕಾರಿನೊಳಗೆ ಕುಳಿತಾಗ ಯುದ್ಧವಿಮಾನದ ಕಾಕ್‌ಪಿಟ್ಟನ್ನು ನೆನಪಿಸುವ ವಿನ್ಯಾಸ ಕಣ್ಣಿಗೆ ಹಬ್ಬ. ಚಾಲಕನನ್ನು ಕೇಂದ್ರವಾಗಿಟ್ಟು ರೂಪಿಸಿದ ಒಳಾಂಗಣ ಎಂಬ ಮಾತು ಇಲ್ಲಿ ಸುಳ್ಳಲ್ಲ. ಆದರೆ ಎ.ಸಿ.ಯ ತಾಪಮಾನ ಬದಲಿಸಲೂ ಪರದೆಯನ್ನೇ ಮುಟ್ಟಬೇಕಾಗಿರುವುದು, ಘಟ್ಟದ ರಸ್ತೆಯಲ್ಲಿ ಕಣ್ಣು ತೆಗೆಯಲಾಗದ ಹೊತ್ತಿನಲ್ಲಿ, ತೊಡಕೇ ಸರಿ. ಹಿಂದಿನ ಗಾಜು ಕಿರಿದು. ರಿವರ್ಸ್ ತೆಗೆಯುವಾಗ ಕ್ಯಾಮೆರಾಗಳನ್ನೇ ನಂಬಬೇಕು. ಹಿಂದಿನ ಆಸನದಲ್ಲಿ ಎತ್ತರದವರಿಗೆ ತೊಡೆಗೆ ಆಸರೆ ಸಾಲದು. ಸುರಕ್ಷತೆಯ ವಿಷಯದಲ್ಲಿ ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ 32ರಲ್ಲಿ 31.97 ಅಂಕ, ಮಕ್ಕಳ ರಕ್ಷಣೆಗೆ 49ರಲ್ಲಿ 45 ಅಂಕ ಪಡೆದು ಐದು ಸ್ಟಾರ್ ಗಳಿಸಿದೆ. ಮನೆಯವರನ್ನು ಒಪ್ಪಿಸಬೇಕಾದ ಉತ್ಸಾಹಿಗಳಿಗೆ ಇದೊಂದು ಬಲವಾದ ವಾದ.

ಇನ್ನು ದೂರಪ್ರಯಾಣ. ದೊಡ್ಡ ಬ್ಯಾಟರಿಗೆ ಪ್ರಮಾಣಿತ ಪರೀಕ್ಷೆಯಲ್ಲಿ ಆರುನೂರ ಎಂಬತ್ತು ಕಿ.ಮೀ. ದಾಟಿದ ವ್ಯಾಪ್ತಿ ದಾಖಲಾಗಿದ್ದರೂ ನಮ್ಮ ರಸ್ತೆಗಳಲ್ಲಿ ಸಮಾಧಾನದಿಂದ ಓಡಿಸಿದರೆ ನಾಲ್ಕುನೂರೈವತ್ತರಿಂದ ಐನೂರು ಎಂದಿಟ್ಟುಕೊಳ್ಳುವುದು ಕ್ಷೇಮ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುವುದರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನೂರರ ಮಿತಿಗೆ ಅಂಟಿಕೊಂಡು ಹೋದರೂ ವ್ಯಾಪ್ತಿ ಎಂಬತ್ತರಲ್ಲಿ ಹೋದಾಗಿನಷ್ಟು ಸಿಗುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿಗಾಗಲಿ ಆಗುಂಬೆಗಾಗಲಿ ಸುಮಾರು 350 ಕಿ.ಮೀ.; ಒಂದೇ ಚಾರ್ಜಿನಲ್ಲಿ ತಲುಪಬಹುದು. ತೊಡಕಿರುವುದು ತಲುಪಿದ ಮೇಲೆ. 175 ಕಿಲೋವ್ಯಾಟ್ ವೇಗದ ಚಾರ್ಜಿಂಗ್ ಸ್ವೀಕರಿಸುವ ಈ ಕಾರು ತಕ್ಕ ಚಾರ್ಜರ್ ಸಿಕ್ಕರೆ ಇಪ್ಪತ್ತರಿಂದ ಎಂಬತ್ತು ಪ್ರತಿಶತಕ್ಕೆ ಇಪ್ಪತ್ತು ನಿಮಿಷದಲ್ಲಿ ಏರುತ್ತದೆ. ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಸಿಗುವ 60 ಕಿಲೋವ್ಯಾಟ್ ಚಾರ್ಜರಿನಲ್ಲಿ ಅದೇ 47 ಯೂನಿಟ್ ತುಂಬಲು ಮುಕ್ಕಾಲು ಗಂಟೆಯ ಮೇಲಾಗುತ್ತದೆ, ಮುಂದೆ ಇನ್ನೊಂದು ಗಾಡಿ ನಿಂತಿದ್ದರೆ ಅದರ ದುಪ್ಪಟ್ಟು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ 2025ರಲ್ಲಿ ಐದು ಸಾವಿರಕ್ಕೂ ಹೆಚ್ಚು ಕೇಂದ್ರಗಳೊಂದಿಗೆ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಆದರೆ ಅವುಗಳ ಬಹುಪಾಲು ಇರುವುದು ಬೆಂಗಳೂರು ನಗರದಲ್ಲಿ. ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆಗಳ ಒಳರಸ್ತೆಗಳಲ್ಲಿ ಅಡ್ಡಾಡಬಯಸುವವನಿಗೆ ಆ ಸಂಖ್ಯೆಯಿಂದ ಸಮಾಧಾನವಾಗುವುದಿಲ್ಲ.

ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಹದಿನಾರು ಆ್ಯಂಪಿಯರಿನ ಒಂದು ಸಾಕೆಟ್ಟಾದರೂ ಇರುತ್ತದೆ. ರಾತ್ರಿಯಿಡೀ ಹಾಕಿದರೆ ಮೂವತ್ತು ಯೂನಿಟ್ ಸಿಗಬಹುದು, ಅದು ಮರುದಿನದ ಸುತ್ತಾಟಕ್ಕೆ ಧಾರಾಳವಾಯಿತು. ಆದರೆ ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿ ಕೆಲಸ ನಿಲ್ಲುತ್ತದೆ, ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗಲೂ ಅದೇ ಕಥೆ. ನಾನು ಉಳಿದಿದ್ದ ಒಂದು ಕಡೆ ಮನೆಯ ಯಜಮಾನರು ಅಡಿಕೆ ಒಣಗಿಸುವ ಶೆಡ್ಡಿನ ಪಂಪ್‌ಸೆಟ್ ಲೈನಿನಿಂದ ತಂತಿ ಎಳೆಸಿ, ಹೊಸದಾಗಿ ಅರ್ತಿಂಗ್ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ ಒಂದು ಪ್ರತ್ಯೇಕ ಸಾಕೆಟ್ ಮಾಡಿಸಿದ್ದರು. ವಿದ್ಯುತ್ ಕಾರಿನವರು ಈಗ ಕೋಣೆಯ ಬಾಡಿಗೆಗಿಂತ ಮೊದಲು ಅದನ್ನೇ ಕೇಳುತ್ತಾರೆಂದು ಅವರು ಹೇಳಿದರು. ಇಂತಹ ಒಂದು ಸಾಕೆಟ್ ಪ್ರತಿ ಘಟ್ಟದ ತಲೆಯಲ್ಲೂ ಬುಡದಲ್ಲೂ ಇದ್ದರೆ ಎಷ್ಟೋ ಮಂದಿಯ ಹಿಂಜರಿಕೆ ಹೋಗುತ್ತದೆ. ಗೆಳೆಯರ ಗುಂಪಿನಲ್ಲಿ ಹತ್ತು ಪೆಟ್ರೋಲ್ ಕಾರುಗಳ ನಡುವೆ ಒಂದೇ ವಿದ್ಯುತ್ ಕಾರಿದ್ದಾಗ, ಅದಕ್ಕಾಗಿ ಎಲ್ಲರೂ ಮುಕ್ಕಾಲು ಗಂಟೆ ಕಾಯಬೇಕಾಗಿ ಬಂದಾಗ ಆಗುವ ಮುಜುಗರವೂ ಈ ಹಿಂಜರಿಕೆಯ ಒಂದು ಭಾಗವೇ.

ಕೈಯಾರೆ ಬಿಚ್ಚಿ ಜೋಡಿಸುವ ಸುಖದ ಮಾತು ಬಂದಾಗ ನನಗೆ ಸುಲಭವಾದ ಉತ್ತರ ಕಾಣುವುದಿಲ್ಲ. ಏರ್ ಫಿಲ್ಟರ್, ಎಕ್ಸಾಸ್ಟ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರು) ರೀಮ್ಯಾಪ್ ಎಂದು ಗ್ಯಾರೇಜಿನ ಮೆಸ್ತ್ರಿಯೊಂದಿಗೆ ಶನಿವಾರಗಳನ್ನು ಕಳೆದವರಿಗೆ, ಕೈ ಹಾಕಿದರೆ ಪ್ರಾಣಾಪಾಯವಿರುವ ಅಧಿಕ ವೋಲ್ಟೇಜಿನ, ಬೀಗ ಹಾಕಿದ ಸಾಫ್ಟ್‌ವೇರಿನ ಗಾಡಿ ಅಪರಿಚಿತವೆನಿಸುವುದು ಸಹಜ. ಮೊದಲ ಮಾಲೀಕನಿಗೆ ಬ್ಯಾಟರಿಯ ಮೇಲೆ ಕಂಪನಿ ಕೊಡುವ ಜೀವಿತಾವಧಿಯ ವಾರಂಟಿ ಬಹಳ ದೊಡ್ಡ ಭರವಸೆ, ಆದರೆ ಅದನ್ನು ಉಳಿಸಿಕೊಳ್ಳಬೇಕಾದರೆ ವಿದ್ಯುತ್ ಭಾಗಗಳನ್ನು ಮುಟ್ಟುವಂತಿಲ್ಲ. ಉಳಿಯುವುದು ಟೈರು, ಅಲೈನ್‌ಮೆಂಟ್, ಬ್ರೇಕ್ ಪ್ಯಾಡ್. ಭಾರ ಹೆಚ್ಚಿರುವುದರಿಂದ ಟೈರಿನ ಆಯ್ಕೆಯಿಂದ ಆಗುವ ಬದಲಾವಣೆ ಇಲ್ಲಿ ದೊಡ್ಡದೇ. ಹಾಗೆಯೇ ಟೈರು ಸವೆಯುವುದೂ ಬೇಗ. ಕಂಪನಿಗಳೇ ಮುಂದೆ ಬಂದು ಎಳೆತದ ಸ್ವಭಾವ, ರೀಜೆನ್ನಿನ ಏರಿಳಿತ, ಡ್ಯಾಂಪರಿನ ಗಡುಸುಗಳನ್ನು ಮಾಲೀಕನೇ ಸೂಕ್ಷ್ಮವಾಗಿ ಹೊಂದಿಸಿಕೊಳ್ಳಲು ಬಿಟ್ಟರೆ ಹೊಸ ತಲೆಮಾರಿನ ಮೆಸ್ತ್ರಿಗಳೂ ಹುಟ್ಟಿಕೊಂಡಾರು. ಈಗಿರುವ ರೇಂಜ್, ಎವ್ರಿಡೇ, ರೇಸ್‌ನಂತಹ ಸಿದ್ಧ ಆಯ್ಕೆಗಳು ಆ ಹಸಿವನ್ನು ತಣಿಸುವುದಿಲ್ಲ.

ಬೆಲೆಯ ವಿಷಯದಲ್ಲಿ ಮಾತ್ರ ವಾದವೆಲ್ಲ ವಿದ್ಯುತ್ತಿನ ಕಡೆಗೇ ವಾಲುತ್ತದೆ. ಬಿಡುಗಡೆಯ ಸಮಯದಲ್ಲಿ ಬಿಇ 6ರ ಎಕ್ಸ್ ಶೋರೂಮ್ ಬೆಲೆ 18.90 ಲಕ್ಷದಿಂದ ಆರಂಭವಾಗಿ, ದೊಡ್ಡ ಬ್ಯಾಟರಿಯ ಪ್ಯಾಕ್ ಥ್ರೀಗೆ 26.90 ಲಕ್ಷ ಇತ್ತು. ಮನೆಯ ಚಾರ್ಜರಿಗೆ ಪ್ರತ್ಯೇಕ ಹಣ. 2025ರ ಅಕ್ಟೋಬರಿನಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 265 ಅಶ್ವಶಕ್ತಿಯೊಂದಿಗೆ 6.4 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ, ಅದರ ಬೆಲೆ ಆಗ 49.99 ಲಕ್ಷ ಇತ್ತು. ನೂರು ಕಾರುಗಳು ಮಾತ್ರ ಬಂದವು. ಓಡಿಸುವ ಸೊಗಸಿನಲ್ಲಿ ಸ್ಕೋಡಾ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಿಕೊಂಡರೂ ಅದಕ್ಕೆ ಇಪ್ಪತ್ಮೂರು ಲಕ್ಷ ಹೆಚ್ಚು ಕೊಡಬಲ್ಲವರು ಎಷ್ಟು ಮಂದಿ? 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ಶೇ 40, ವಿದ್ಯುತ್ ಕಾರುಗಳಿಗೆ ಶೇ 5. ಕರ್ನಾಟಕದಲ್ಲಿ 2024ರಲ್ಲಿ 25 ಲಕ್ಷಕ್ಕೂ ಮೇಲಿನ ವಿದ್ಯುತ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ಜಾರಿಗೆ ಬಂದಿದ್ದರಿಂದ ಮೇಲಿನ ಮಾದರಿ ಕೊಳ್ಳುವವರು ಆನ್ ರೋಡ್ ಬೆಲೆಯನ್ನು ಷೋರೂಮಿನಲ್ಲಿ ಬರೆಸಿಕೊಂಡು ನೋಡುವುದು ಅಗತ್ಯ. ಹೀಗಿದ್ದರೂ ಇಷ್ಟು ಶಕ್ತಿ, ಹಿಂಬದಿ ಚಕ್ರದ ಚಾಲನೆ, ಸೆಮಿ ಆ್ಯಕ್ಟಿವ್ ಡ್ಯಾಂಪರ್ ಮೂರೂ ಈ ಬೆಲೆಗೆ ಪೆಟ್ರೋಲಿನಲ್ಲಿ ಸಿಗುವುದಿಲ್ಲ. ವಿದ್ಯುತ್ ಕಾರುಗಳಲ್ಲೇ ನೋಡಿದರೆ ಎರಡು ಮೋಟಾರುಗಳ, 396 ಅಶ್ವಶಕ್ತಿಯ ಟಾಟಾ ಹ್ಯಾರಿಯರ್ ಇವಿ ನೇರ ರಸ್ತೆಯಲ್ಲಿ ಇದಕ್ಕಿಂತ ಚುರುಕು, ಕೆಸರಿನಲ್ಲಿ ಇದಕ್ಕಿಂತ ಸಮರ್ಥ. ಕುಟುಂಬಕ್ಕೂ ಅದೇ ವಿಶಾಲ. ತಿರುವಿನಲ್ಲಿ ನನ್ನ ಮನಸ್ಸು ಬಿಇ 6ರ ಕಡೆಗೆ.

ಮ್ಯಾನ್ಯುಯಲ್ ಗೇರಿನ ಪುಟ್ಟ ಪೆಟ್ರೋಲ್ ಕಾರೊಂದು ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮಾರಬೇಡಿ, ಅದರ ಪಕ್ಕದಲ್ಲಿ ಇದನ್ನು ನಿಲ್ಲಿಸಿ ಎಂಬುದು ನನ್ನ ಸಲಹೆ. ವಾರದ ಆರು ದಿನದ ಓಡಾಟವನ್ನು ಬಿಇ 6 ವಹಿಸಿಕೊಂಡರೆ ಹಳೆಯ ಗಾಡಿಯ ಎಂಜಿನ್ನೂ ಕ್ಲಚ್ಚೂ ಭಾನುವಾರಗಳಿಗಾಗಿ ಇನ್ನಷ್ಟು ವರ್ಷ ಉಳಿಯುತ್ತವೆ. ಒಂದೇ ಕಾರು ಇಟ್ಟುಕೊಳ್ಳುವವರು, ಮನೆಯಲ್ಲಿ ಸ್ವಂತ ಚಾರ್ಜಿಂಗ್ ಜಾಗವಿದ್ದರೆ, ಪ್ಯಾಕ್ ಥ್ರೀಯನ್ನೇ ಆರಿಸಿಕೊಳ್ಳಬೇಕು. ಆ ಡ್ಯಾಂಪರುಗಳಿಲ್ಲದೆ ಈ ಕಾರಿನ ಅರ್ಧ ಗುಣ ಕಾಣುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಚಾರ್ಜರ್ ಹಾಕಿಸಲು ಸಂಘದ ಒಪ್ಪಿಗೆ ಇನ್ನೂ ಸಿಗದವರು ಮೊದಲು ಅದನ್ನು ಬಗೆಹರಿಸಿಕೊಳ್ಳಲಿ, ಏಕೆಂದರೆ ಹೊರಗಿನ ವೇಗದ ಚಾರ್ಜರುಗಳಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ಕೊಟ್ಟು ಓಡಿಸಿದರೆ ಉಳಿತಾಯದ ಮಾತು ಅಲ್ಲಿಗೇ ತೆಳುವಾಗುತ್ತದೆ. ಟೆಸ್ಟ್ ಡ್ರೈವ್ ಕೇಳುವಾಗ ಷೋರೂಮಿನ ಸುತ್ತಲಿನ ನಾಲ್ಕು ಬೀದಿಗಳಿಗೆ ತೃಪ್ತರಾಗದೆ ಒಂದು ಏರುತಿರುವಿರುವ ರಸ್ತೆಯನ್ನು ನೀವೇ ಸೂಚಿಸಿ. ಹೆಚ್ಚಿನ ಎಳೆತ ಕೊಡುವ ಬೂಸ್ಟ್ ಬಟನ್ನನ್ನು ಒಮ್ಮೆ ಒತ್ತಿ ನೋಡಿ ಬಿಟ್ಟುಬಿಡಿ, ಒಂದೇ ಪೆಡಲಿನ ಚಾಲನೆಯನ್ನು ಆನ್ ಮಾಡಿಕೊಂಡು ಅದೇ ತಿರುವನ್ನು ಮತ್ತೆ ಮತ್ತೆ ಹತ್ತಿ ಇಳಿಯಿರಿ.